ಖಾಲಿ ಬ್ಯಾಟರಿ ತುಂಬಿದಂತೆ ಕಂಡಾಗ

2021ರಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಅಭಾವ ಬಂದಾಗ ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳು ಪಟ್ಟ ಪಾಡು ಹೊರಗಿನವರಿಗೆ ಅಷ್ಟಾಗಿ ತಿಳಿಯಲಿಲ್ಲ. ಇಂದು ಬರುತ್ತದೆ ಎಂದ ಬಿಡಿಭಾಗ ಆರು ತಿಂಗಳಾದರೂ ಬರುತ್ತಿರಲಿಲ್ಲ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಕ್ಕಿದ್ದನ್ನೇ ತಂದು, ಒಪ್ಪಿಕೊಂಡ ಆರ್ಡರ್‌ ಮುಗಿಸಬೇಕಿತ್ತು. ಆಸ್ಪತ್ರೆಗಳಿಗೆ ಸಿರಿಂಜ್ ಪಂಪ್ ತಯಾರಿಸುವ ಒಂದು ಕಂಪನಿಯೂ ಹಾಗೆಯೇ ಮಾಡಿತು. ಅದರ ಮರುವರ್ಷ ನಾನು ಅಲ್ಲಿ ಫರ್ಮ್‌ವೇರ್ ಬರೆಯುವ ಕೆಲಸಕ್ಕೆ ಸೇರಿದೆ.

ಸಿರಿಂಜ್ ಪಂಪ್ ಎಂದರೆ ಐಸಿಯುವಿನಲ್ಲಿ ಹಾಸಿಗೆಯ ಪಕ್ಕದ ಕಂಬಕ್ಕೆ ಸಿಕ್ಕಿಸಿರುವ, ಗಂಟೆಗೆ ಇಷ್ಟೇ ಮಿಲಿಲೀಟರ್ ಎಂದು ಔಷಧಿಯನ್ನು ರಕ್ತನಾಳಕ್ಕೆ ತಳ್ಳುವ ಯಂತ್ರ. ರಕ್ತದೊತ್ತಡ ಕುಸಿದವರಿಗೆ ಕೊಡುವ ನಾರ್‌ಅಡ್ರಿನಾಲಿನ್‌ನಂಥ ಔಷಧಿ ಕೆಲವೇ ನಿಮಿಷ ನಿಂತರೂ ಜೀವಕ್ಕೆ ಅಪಾಯ. ರೋಗಿಯನ್ನು ಸ್ಕ್ಯಾನಿಂಗ್‌ಗೆ ಒಯ್ಯುವಾಗ ಪಂಪು ಬ್ಯಾಟರಿಯ ಮೇಲೆ ಓಡುತ್ತದೆ. ಹೊರಡುವ ಮೊದಲು ನರ್ಸ್ ಪರದೆಯ ಮೂಲೆಯಲ್ಲಿರುವ ಬ್ಯಾಟರಿ ಚಿತ್ರದ ಮೇಲೆ ಕಣ್ಣು ಹಾಯಿಸುತ್ತಾರೆ. ಹತ್ತು ಕೆಲಸಗಳ ನಡುವೆ ಅವರಿಗೆ ಸಿಗುವುದು ಅರೆಕ್ಷಣ.

ಹಾಸನದ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹಾಗೆ ರೋಗಿಯನ್ನು ಒಯ್ಯುವಾಗ ನಮ್ಮ ಪಂಪು ಕಾರಿಡಾರಿನಲ್ಲಿ ನಿಂತುಹೋಯಿತು. ಬ್ಯಾಟರಿ ಮುಗಿಯುತ್ತಿದೆ ಎಂಬ ಬೀಪ್ ಮೊದಲೇ ಬಂದಿತ್ತು. ಸಿಸ್ಟರ್ ಪರದೆ ನೋಡಿದ್ದರು, ಬ್ಯಾಟರಿ ತುಂಬಿದೆ ಎಂದು ಕಂಡಿತ್ತು, ಸದ್ದು ಬೇರೆ ಯಂತ್ರದ್ದಿರಬೇಕೆಂದು ಮುಂದೆ ಸಾಗಿದ್ದರು. ಜೊತೆಯಲ್ಲಿ ಡಾಕ್ಟರ್ ಇದ್ದರು, ಬೇರೆ ಪಂಪ್ ತಕ್ಷಣ ಸಿಕ್ಕಿತು, ರೋಗಿ ಉಳಿದರು. ಆದರೆ ಸಿಸ್ಟರ್‌ಗೆ ಮೆಮೊ ಬಂತು. ಪಂಪಿನ ಒಳಗಿನ ದಾಖಲೆಯಲ್ಲಿ ಬ್ಯಾಟರಿ ಶೇ. 6 ಎಂದಿತ್ತು. ಯಂತ್ರ ಸರಿಯಾಗಿಯೇ ಹೇಳಿದೆ, ನೋಡಿದವರದ್ದೇ ತಪ್ಪು ಎಂದು ನಮ್ಮ ಕಂಪನಿಯ ಮೇಲಿನವರೂ ಬರೆದುಕೊಟ್ಟರು. ಅಷ್ಟು ಬೇಗ ಹಾಗೆ ಬರೆದುಕೊಟ್ಟದ್ದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಕಾರಣ ಹುಡುಕುವ ಕೆಲಸ ನನಗೆ ಬಂತು. ನನ್ನ ಮೇಜಿನ ಮೇಲಿದ್ದ ಪಂಪಿನಲ್ಲಿ ಬ್ಯಾಟರಿ ಇಳಿಸಿ ನೋಡಿದೆ. ಖಾಲಿಯಾದಾಗ ಖಾಲಿ ಚಿತ್ರ, ತುಂಬಿದಾಗ ತುಂಬಿದ ಚಿತ್ರ. ಮತ್ತೆ ಮತ್ತೆ ಇಳಿಸಿದೆ, ತಾಪ ಏರಿಸಿ ನೋಡಿದೆ, ಅಲುಗಾಡಿಸಿ ನೋಡಿದೆ. ವಾರಗಟ್ಟಲೆ ರಾತ್ರಿ ಲ್ಯಾಬಿನಲ್ಲೇ ಕಳೆದೆ. ತಪ್ಪು ಒಮ್ಮೆಯೂ ಕಾಣಿಸಲಿಲ್ಲ. ಸಿಸ್ಟರ್ ಗಾಬರಿಯಲ್ಲಿ ತಪ್ಪಾಗಿ ನೋಡಿರಬೇಕು, ಫೈಲ್ ಮುಗಿಸಿಬಿಡಿ ಎಂಬ ಒತ್ತಡ ದಿನೇ ದಿನೇ ಬಿಗಿಯಾಯಿತು. ಕೊನೆಗೆ ನಾನೇ ಬಸ್ ಹತ್ತಿ ಅಲ್ಲಿಗೆ ಹೋದೆ.

"ಮೇಡಂ, ನಾನು ಸುಳ್ಳು ಹೇಳ್ತಿಲ್ಲ. ತುಂಬಿದೆ ಅಂತಾನೇ ತೋರಿಸ್ತಿತ್ತು" ಎಂದರು ಆಕೆ. ಮೆಮೊ ಬಂದಾಗಿನಿಂದ ಸರಿಯಾಗಿ ನಿದ್ದೆಯಿಲ್ಲದ ಮುಖ. ನೀವು ಕಂಡದ್ದನ್ನು ಬಿಡಿಸಿ ತೋರಿಸಿ ಎಂದು ಕಾಗದ ಕೊಟ್ಟೆ. ಆಕೆ ಕಾಗದದ ಮೇಲೆ ಪೆನ್ನಿನಿಂದ ಮೊದಲು ಸುತ್ತೆಲ್ಲ ಕಪ್ಪು ಮಾಡಿದರು. ನಡುವೆ ಒಂದು ಬಿಳಿ ಚೌಕ ಉಳಿಸಿದರು. ಅದರೊಳಗೆ ತೆಳ್ಳಗೆ ಬ್ಯಾಟರಿಯ ಗೆರೆ ಎಳೆದರು. ನನ್ನ ಮೇಜಿನ ಪಂಪಿನಲ್ಲಿ ಹಿನ್ನೆಲೆ ಕಪ್ಪಾಗಿರಲೇ ಇಲ್ಲ. ಅದು ಹಳೆಯ ಎಲ್‌ಸಿಡಿ: ಹಳದಿ ಹಸಿರು ಹಿನ್ನೆಲೆ, ಕಪ್ಪು ಅಕ್ಷರ. ಐಸಿಯುಗೆ ಹೋಗಿ ಪಂಪು ನೋಡಿದೆ. ಪರದೆ ಓಎಲ್‌ಇಡಿ ಆಗಿತ್ತು. ಅಭಾವದ ಕಾಲದಲ್ಲಿ ಅದೇ ಅಳತೆಯ, ಅದೇ 128 ಅಡ್ಡ 64 ಉದ್ದ ಚುಕ್ಕಿಗಳ ಬದಲಿ ಪರದೆ ತಂದು ಹಾಕಿದ್ದರು. ಲ್ಯಾಬಿಗೆ ಅಂಥ ಒಂದು ಪಂಪನ್ನೂ ಕೊಟ್ಟಿರಲಿಲ್ಲ.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಲೇಬೇಕು. ಇಂಥ ಪರದೆಗಳಲ್ಲಿ ಪ್ರತಿ ಚುಕ್ಕಿಗೂ ಸಿಗುವುದು ಒಂದೇ ಬಿಟ್, 0 ಅಥವಾ 1. ಇಡೀ ಪರದೆಗೆ 1024 ಬೈಟ್ ಸಾಕು. ಸಾಮಾನ್ಯ ಎಲ್‌ಸಿಡಿಯಲ್ಲಿ 1 ಎಂದರೆ ಆ ಚುಕ್ಕಿ ಬೆಳಕನ್ನು ತಡೆದು ಕಪ್ಪಾಗುತ್ತದೆ. ಓಎಲ್‌ಇಡಿಯಲ್ಲಿ 1 ಎಂದರೆ ಚುಕ್ಕಿ ಹೊತ್ತಿ ಬೆಳಗುತ್ತದೆ. ಹೀಗಾಗಿ ಪರದೆಗಳಿಗೆ ಬರೆದ ಲೈಬ್ರರಿಗಳಲ್ಲೂ ಹೆಸರುಗಳು ಅದಲುಬದಲು. ಹಳೆಯ ನೋಕಿಯಾ 5110 ಫೋನಿನ ಮಾದರಿಯ, ಪಿಸಿಡಿ8544 ಚಿಪ್ಪಿನ ಎಲ್‌ಸಿಡಿಗೆ ಬರೆದ ಒಂದು ಜನಪ್ರಿಯ ಲೈಬ್ರರಿಯಲ್ಲಿ ಕಪ್ಪು ಎಂದರೆ 1. ಎಸ್‌ಎಸ್‌ಡಿ1306 ಚಿಪ್ಪಿನ ಓಎಲ್‌ಇಡಿಗೆ ಬರೆದದ್ದರಲ್ಲಿ ಕಪ್ಪು ಎಂದರೆ 0. ಎರಡೂ ತಮ್ಮ ಮಟ್ಟಿಗೆ ಸರಿ.

ನಮ್ಮ ಪಂಪಿನ ಕೋಡ್ ಎಲ್ಲ ಚಿತ್ರಗಳನ್ನೂ "ಕಪ್ಪಿನಲ್ಲಿ ಬರೆ" ಎಂದು ಹೇಳುತ್ತಿತ್ತು. ಓಎಲ್‌ಇಡಿಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಚಿತ್ರ, ಏನೂ ಕಾಣದು. ಆಗ ಅವಸರದಲ್ಲಿ ಯಾರೋ ಚಿತ್ರದ ಜಾಗದಲ್ಲಿ ಮೊದಲು ಬಿಳಿ ಚೌಕ ತುಂಬಿ, ಅದರ ಮೇಲೆ ಕಪ್ಪಿನಲ್ಲಿ ಚಿತ್ರ ಬರೆಯುವಂತೆ ತಿದ್ದಿದ್ದರು. ಚಿತ್ರವೇನೋ ಕಂಡಿತು. ಆದರೆ ಖಾಲಿ ಬ್ಯಾಟರಿಯ ಚಿತ್ರವೆಂದರೆ ಬರೀ ಹೊರಗೆರೆ. ಒಳಗೆಲ್ಲ ಹಿನ್ನೆಲೆಯ ಬಣ್ಣ. ಆ ಹಿನ್ನೆಲೆ ಈಗ ಬೆಳಗುವ ಬಿಳಿ. ಕತ್ತಲೆ ಪರದೆಯಲ್ಲಿ ಬೆಳಗುವುದನ್ನೇ ಕಣ್ಣು "ತುಂಬಿದೆ" ಎಂದು ಓದುತ್ತದೆ. ನಿಜವಾಗಿ ತುಂಬಿದ ಬ್ಯಾಟರಿ ಕಪ್ಪು ಪೊಳ್ಳಿನಂತೆ ಕಾಣುತ್ತಿತ್ತು. ಹಳೆಯ ಫೋಟೋ ಸ್ಟುಡಿಯೋದ ನೆಗೆಟಿವ್‌ನಲ್ಲಿ ಬಿಳಿ ಪಂಚೆ ಕಪ್ಪಾಗಿ ಕಾಣುತ್ತಿತ್ತಲ್ಲ, ಹಾಗೆ. ಪಂಚೆಯ ಬಣ್ಣ ತಿರುಗಿದರೆ ಯಾರಿಗೂ ನೋವಾಗದು. ಇಲ್ಲಿ ತಿರುಗಿದ್ದು ಅರ್ಥ. ಸಿಸ್ಟರ್ ನೋಡಿದ್ದು ಅಕ್ಷರಶಃ ನಿಜವಾಗಿತ್ತು.

ಇದನ್ನು ತೋರಿಸಿದ ಮೇಲೂ ಒಪ್ಪಿಸುವುದು ಸುಲಭವಾಗಲಿಲ್ಲ. ಚಿತ್ರ ಕಾಣುತ್ತಿದೆಯಲ್ಲ, ಬಣ್ಣದಲ್ಲೇನಿದೆ ಎಂದರು. ನಾನು ಅಕೌಂಟ್ಸ್ ವಿಭಾಗದವರನ್ನೂ ಸೆಕ್ಯೂರಿಟಿಯವರನ್ನೂ ಕರೆದು, ಎರಡು ಪಂಪುಗಳನ್ನು ಕತ್ತಲೆ ಕೋಣೆಯಲ್ಲಿಟ್ಟು, ಯಾವುದರ ಬ್ಯಾಟರಿ ತುಂಬಿದೆ ಎಂದು ಕೇಳಿದೆ. ಬಂದವರೆಲ್ಲ ಖಾಲಿಯಾದದ್ದನ್ನೇ ತೋರಿಸಿದರು. ಆಮೇಲೆ ವಾದ ನಿಂತಿತು. ಮಾರಾಟವಾದ ಪಂಪುಗಳನ್ನು ಒಂದೊಂದಾಗಿ ಹಿಂದಕ್ಕೆ ತರಿಸಿ ತಿದ್ದತೊಡಗಿದೆವು. ನರ್ಸಿಂಗ್ ಹೋಮಿಗೆ ಹೊಸ ಪತ್ರ ಹೋಯಿತು, ಮೆಮೊ ರದ್ದಾಯಿತು.

ಬಿಳಿ ಚೌಕ ಇನ್ನೂ ಎರಡು ಕೇಡು ಮಾಡಿತ್ತು. ಓಎಲ್‌ಇಡಿಯಲ್ಲಿ ಬೆಳಗುವ ಪ್ರತಿ ಚುಕ್ಕಿಯೂ ವಿದ್ಯುತ್ ಎಳೆಯುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಹಗಲು ರಾತ್ರಿ ಒಂದೇ ಜಾಗದಲ್ಲಿ ಹೊತ್ತಿಕೊಂಡಿದ್ದ ಚೌಕದ ಚುಕ್ಕಿಗಳು ಮಂಕಾಗಿದ್ದವು. ಸಾಫ್ಟ್‌ವೇರ್ ತಿದ್ದಿದ ಮೇಲೂ ಆ ಮೂಲೆಯಲ್ಲಿ ಚೌಕದ ಕಲೆ ಉಳಿದಿತ್ತು. ಹಲವು ಪರದೆಗಳನ್ನು ಬದಲಿಸಲೇಬೇಕಾಯಿತು.

ಒಂದು ಪರದೆಯ ಲೆಕ್ಕ ಮುಗಿಸಿ ಸುಮ್ಮನಾಗುವಂತಿರಲಿಲ್ಲ. ಅದೇ ಬ್ಯಾಟರಿಯ ಚಿತ್ರ, ಅಲಾರಂ ಸೂಚಿಸುವ ಗಂಟೆಯ ಚಿತ್ರ ನಮ್ಮಲ್ಲಿ ಇನ್ನೂ ಹಲವು ಕಡೆ ಹೋಗುತ್ತಿದ್ದವು. ವರದಿ ಮುದ್ರಿಸುವ ಥರ್ಮಲ್ ಪ್ರಿಂಟರಿನಲ್ಲಿ 1 ಎಂದರೆ ಕಾಗದ ಸುಟ್ಟು ಕಪ್ಪು. ಹಾಸಿಗೆಗೆ ತೂಗುಹಾಕುವ ಇ-ಪೇಪರ್ ಫಲಕದ ಚಿಪ್ಪಿನಲ್ಲಿ ಕಪ್ಪು ಬಿಳುಪಿನ ಭಾಗಕ್ಕೆ 1 ಎಂದರೆ ಬಿಳಿ, ಕೆಂಪಿನ ಭಾಗಕ್ಕೆ 1 ಎಂದರೆ ಕೆಂಪು. ಒಂದೇ ಫಲಕದೊಳಗೆ ಎರಡು ರೀತಿ. ನರ್ಸಿಂಗ್ ಸ್ಟೇಷನ್ನಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಎಕ್ಸ್ ವಿಂಡೋ ಇತ್ತು. ಅದನ್ನು ಕಟ್ಟಿದವರು ಈ ತೊಂದರೆಯನ್ನು 1980ರ ದಶಕದಲ್ಲೇ ಕಂಡಿದ್ದರು. ಕಪ್ಪು ಎಂದರೆ 0 ಅಥವಾ 1 ಎಂದು ನೀವೇ ಊಹಿಸಬೇಡಿ, ಬ್ಲ್ಯಾಕ್‌ಪಿಕ್ಸೆಲ್, ವೈಟ್‌ಪಿಕ್ಸೆಲ್ ಎಂಬ ಹೆಸರುಗಳಲ್ಲಿ ಪರದೆಯನ್ನೇ ಕೇಳಿ ಎಂದು ಏರ್ಪಾಡು ಮಾಡಿದರು. 1984ರ ಮ್ಯಾಕಿಂಟಾಷ್‌ನಲ್ಲಿ ಸೂಸಾನ್ ಕೇರ್ ರಚಿಸಿದ 32 ಚುಕ್ಕಿ ಅಗಲದ ಚಿತ್ರಗಳು ಬಿಳಿ ಹಾಳೆಯ ಮೇಲೆ ಕಪ್ಪಿನಲ್ಲಿದ್ದವು, ಅಲ್ಲಿ 1 ಎಂದರೆ ಕಪ್ಪು. ವಿಂಡೋಸ್‌ನ ಹಳೆಯ ಐಕಾನ್ ಕಡತದಲ್ಲಿ ಬಣ್ಣದ ಜೊತೆ ಇನ್ನೊಂದು ಮುಸುಕು ಇರುತ್ತದೆ; ಎಲ್ಲಿ ಹಿಂದಿನದು ಕಾಣಬೇಕು, ಎಲ್ಲಿ ಮುಚ್ಚಬೇಕು ಎಂದು ಅದು ಹೇಳುತ್ತದೆ. ಇಷ್ಟು ಹಳೆಯ ತಿಳಿವಳಿಕೆ ನಮ್ಮ ಕೋಡಿನವರೆಗೆ ಬಂದೇ ಇರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನಾವು ಕೊನೆಗೆ ಮಾಡಿದ್ದು ಇಷ್ಟು. ಕೋಡಿನಿಂದ ಕಪ್ಪು, ಬಿಳುಪು ಎಂಬ ಹೆಸರುಗಳನ್ನೇ ತೆಗೆದೆವು. ಪ್ರತಿ ಚಿತ್ರಕ್ಕೂ ಒಂದೇ ಮೂಲ ಕಡತ, ಅದರಲ್ಲಿ ಮೂರೇ ಗುರುತು: ಇಂಕು, ಪೇಪರು, ಪಾರದರ್ಶಕ. 1982ರ ಸಿಂಕ್ಲೇರ್ ಸ್ಪೆಕ್ಟ್ರಮ್ ಕಂಪ್ಯೂಟರಿನ ಬೇಸಿಕ್ ಭಾಷೆಯಲ್ಲೂ ಇಂಕ್, ಪೇಪರ್ ಎಂಬ ಆದೇಶಗಳೇ ಇದ್ದವು. ಇಂಕು ಈ ಪರದೆಯಲ್ಲಿ 0 ಆಗಬೇಕೋ 1 ಆಗಬೇಕೋ ಎಂಬುದು ಆ ಪರದೆಯ ಡ್ರೈವರ್‌ನಲ್ಲಿ ಒಂದೇ ಒಂದು ಸಾಲು. ಬೇರೆಲ್ಲೂ ಆ ಮಾತು ಬರಕೂಡದು. ಪರದೆಯನ್ನೇ ತಿರುಗಿಸುವ ಎ7 ಆದೇಶ ಹಲವು ಚಿಪ್ಪುಗಳಲ್ಲಿದೆ. ಅದನ್ನು ಬಳಸಿದರೆ ಅಕ್ಷರ, ಚಿತ್ರ, ಹಿನ್ನೆಲೆ ಎಲ್ಲ ಒಟ್ಟಿಗೆ ತಿರುಗಬೇಕು, ಚಿತ್ರವೊಂದೇ ತಿರುಗುವಂತಿಲ್ಲ.

ಚಿತ್ರಗಳನ್ನೂ ಹೊಸದಾಗಿ ಬರೆದೆವು. ಬ್ಯಾಟರಿಯೊಳಗೆ ಬಿಡಿಬಿಡಿ ಕಡ್ಡಿಗಳು, ಪಕ್ಕದಲ್ಲಿ ಶೇಕಡಾ ಅಂಕಿ. ಬಣ್ಣ ಹೇಗೇ ತಿರುಗಲಿ, ಅಂಕಿ ತಿರುಗದು. ಅಲಾರಂನ ಸದ್ದನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ ಗಂಟೆಯ ಮೇಲೆ ತುಂಡು ಗೆರೆಯ ಅಡ್ಡಗುರುತು, ಪೂರ್ತಿ ಮುಚ್ಚಿದಾಗ ಇಡೀ ಗೆರೆ ಎಂದು ವೈದ್ಯಕೀಯ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಹದಿನಾರು ಚುಕ್ಕಿಯ ಚಿತ್ರದಲ್ಲಿ ಆ ವ್ಯತ್ಯಾಸ ಉಳಿಸುವುದಕ್ಕೆ ಗೆರೆಯ ಎರಡೂ ಬದಿ ಒಂದೊಂದು ಚುಕ್ಕಿ ಪೇಪರು ಬಿಡಬೇಕಾಯಿತು. ಈ ಸಣ್ಣ ಕೆಲಸಕ್ಕೆ ನಾವು ತೆಗೆದುಕೊಂಡ ಸಮಯ ನೋಡಿ ಕೆಲವರು ಬೇಸರಪಟ್ಟರು. ನನಗೆ ಬೇಸರವಿರಲಿಲ್ಲ.

ಯಂತ್ರ ಮಾಡುವ, ಬಿಡಿಭಾಗ ಕೊಳ್ಳುವ ಕೆಲಸದಲ್ಲಿರುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಅಭಾವ ಮತ್ತೆ ಬರಬಹುದು, ಬದಲಿ ಪರದೆ ತರಬೇಕಾಗಬಹುದು, ತನ್ನಿ. ಆದರೆ ಅದರಲ್ಲಿ ಮೊದಲ ಒಂದನ್ನು ಕೋಡ್ ಬರೆಯುವವರ ಮೇಜಿಗೆ ಕಳಿಸಿ. ಖಾಲಿ ಬ್ಯಾಟರಿಯ ಚಿತ್ರ ತೋರಿಸಿ, ಈ ಯಂತ್ರದ ಬಗ್ಗೆ ಏನೂ ಗೊತ್ತಿಲ್ಲದವರನ್ನು ಕರೆದು, ಏನು ಕಾಣುತ್ತಿದೆ ಎಂದು ಕೇಳಿ. ಆಸ್ಪತ್ರೆಯಿಂದ ಒಬ್ಬ ನರ್ಸ್ "ನನಗೆ ಹೀಗೆ ಕಂಡಿತು" ಎಂದರೆ, ದಾಖಲೆ ಏನೇ ಹೇಳಲಿ, ಮೊದಲು ಆಕೆಯ ಕೈಗೆ ಕಾಗದ ಪೆನ್ನು ಕೊಡಿ.