ಎಡಕ್ಕೆ ತಿರುಗೋರಿಗೂ ಒಂದು ಕೆಂಪು ದೀಪ ಬೇಕು ಕಣ್ರವ್ವಾ

ಈ ಸಲ ಅಡುಗೆಮನೆ ಬಿಟ್ಟು ರೋಡಿಗೆ ಬಂದಿದೀನಿ. ಮೂಗು ಮುರೀಬೇಡಿ, ಇದೂ ಮನೆ ವಿಚಾರನೇ.

ನಮ್ಮತ್ತೆಗೆ 78 ವರ್ಷ. ದಿನಾ ಬೆಳಿಗ್ಗೆ ರೋಡಾಚೆ ದೇವಸ್ಥಾನಕ್ಕೆ ಹೋಗಿ, ಬರ್ತಾ ಒಂದು ಮೊಳ ಹೂವು, ಒಂದು ಕಟ್ಟು ಸೊಪ್ಪು ತಗೊಂಡು, ನಾಲ್ಕು ಜನರ ಸುಖದುಃಖ ಕೇಳ್ಕೊಂಡು ಬರೋರು. ಈಗ ಎಂಟು ತಿಂಗಳಿಂದ ಬೀದಿ ತುದಿಗಂಟ ಹೋಗಿ ವಾಪಸ್ ಬರ್ತಾರೆ, ಅಷ್ಟೇ. ಸಿಗ್ನಲ್ ತಾವ ಗಾಡಿಗಳೆಲ್ಲ ನಿಂತ್ಕೊಂಡ್ವು ಅಂತ ಹೆಜ್ಜೆ ಇಟ್ಟಿದ್ದಾರೆ, ಎಡಕ್ಕೆ ತಿರುಗ್ತಿದ್ದ ಬೈಕಿನ ಹ್ಯಾಂಡಲ್ ತಗುಲಿ ಬಿದ್ರು. ಮೂಳೆಗೇನೂ ಆಗ್ಲಿಲ್ಲ, ಮಾದಪ್ಪ ಕಾಪಾಡ್ದ. ಆದ್ರೆ ಹೆದರಿಕೆ ಹೋಗ್ಲಿಲ್ಲ. ಆ ಹುಡುಗ ಇಳಿದು ಬಂದು ಎತ್ತಿ ಕೂರಿಸಿದ, ಪಾಪ. ಎತ್ತುತ್ತಾ ಏನಂದ ಗೊತ್ತಾ? "ಫ್ರೀ ಲೆಫ್ಟ್ ಅಲ್ವಾ ಅಜ್ಜಿ, ನೀವು ನೋಡ್ಕೊಂಡು ಬರೋದಲ್ವಾ" ಅಂದ.

ಈ ಫ್ರೀ ಲೆಫ್ಟ್ ಅಂದ್ರೆ ಏನು ಅಂತ ನನ್ನ ಮಗನ್ನ ಕೂರಿಸ್ಕೊಂಡು ಕೇಳ್ದೆ. ನಮ್ಮ ದೇಶದಲ್ಲಿ ಗಾಡಿ ಎಡಗಡೆ ಓಡ್ತವೆ. ಹಂಗಾಗಿ ಎಡಕ್ಕೆ ತಿರುಗೋನು ಎದುರಿಂದ ಬರೋ ಗಾಡಿಗೆ ಅಡ್ಡ ಹೋಗಲ್ಲ. ಅವನ್ಯಾಕೆ ಸುಮ್ನೆ ಕಾಯ್ಬೇಕು, ಹೋಗ್ಲಿ ಬಿಡು ಅಂತ ಬಿಟ್ಟಿರೋದು. ಗಾಡಿ ಲೆಕ್ಕದಲ್ಲಿ ಸರಿಯಾಗೇ ಇದೆ. ಆದ್ರೆ ಅವನು ಅಡ್ಡ ಹೋಗೋದು ಯಾರಿಗೆ ಹೇಳಿ? ಆ ಮೂಲೆಯಲ್ಲಿ ರಸ್ತೆ ದಾಟ್ತಿರೋರಿಗೆ. ನಮ್ಮ ಕಡೆ ಕೆಂಪು ಬಿದ್ದು ನೇರ ಹೋಗೋ ಬಸ್ಸು, ಲಾರಿ ನಿಂತಾಗ್ಲೂ ಎಡಕ್ಕೆ ಹೋಗೋರು ಪಕ್ಕದಲ್ಲಿ ನುಗ್ತಾನೇ ಇರ್ತಾರೆ. ಪಕ್ಕದ ರಸ್ತೆಯಿಂದ ಎಡಕ್ಕೆ ಬರೋರೂ ಬರ್ತಾನೇ ಇರ್ತಾರೆ. ನಾಲ್ಕು ದಿಕ್ಕಿಗೂ ಸರದಿ ಉಂಟು, ನಡೆಯೋರಿಗೆ ಮಾತ್ರ ಸರದಿನೇ ಬರಲ್ಲ.

ಕಾನೂನು ಹಂಗೆ ಹೇಳಲ್ಲ ಕಣ್ರಿ. ಕೆಂಪು ಅಂದ್ರೆ ಎಲ್ಲರೂ ನಿಲ್ಬೇಕು. ಎಡಕ್ಕೆ ಹಸಿರು ಬಾಣ ಇದ್ರೆ, ಇಲ್ಲಾ ಎಡಕ್ಕೆ ಹೋಗ್ಬೋದು ಅಂತ ಬೋರ್ಡ್ ಹಾಕಿದ್ರೆ ಮಾತ್ರ ಹೋಗೋದು. ಹೋಗೋವಾಗ್ಲೂ ಜೀಬ್ರಾ ಪಟ್ಟೆ ಮೇಲೆ ಜನ ಇದ್ರೆ ಅವರಿಗೇ ಮೊದಲು ದಾರಿ. ಎಲ್‌ಎಲ್‌ಆರ್ ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿ ಪಾಸಾಗ್ತಾರೆ, ಗಾಡಿ ಹತ್ತಿದ ಮೇಲೆ ಮರೀತಾರೆ.

2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರೋಡ್ ಆದಾಗ, ರಾಮನಗರ, ಚನ್ನಪಟ್ಟಣದ ಒಳಗಿನ ಹಳೇ ರೋಡು ಒಸಿ ಉಸಿರಾಡುತ್ತೆ ಅಂದ್ಕೊಂಡಿದ್ವಿ. ದೂರ ಹೋಗೋ ಕಾರು, ಬಸ್ಸು ಬೈಪಾಸ್ ಹಿಡಿದ್ವು, ನಿಜ. ಆದ್ರೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಆ ದೊಡ್ಡ ರೋಡಿಗೆ ಹತ್ತಂಗಿಲ್ಲ ಅಂತ ಆಯ್ತು. ಅವುಗಳ ಜೀವ ಉಳೀಲಿ ಅಂತ ಮಾಡಿದ್ದು, ಒಳ್ಳೇದೇ. ಆದ್ರೆ ಎಡಗಡೆ ಸಂದೀಲಿ ತೂರ್ಕೊಂಡು ತಿರುಗೋದು ಕಾರಲ್ಲ, ಇವೇ. ಇವೆಲ್ಲ ನಮ್ಮ ಊರೊಳಗೇ ಉಳಿದ್ವು. ಮಾರ್ಕೆಟ್‌ಗೆ ರೇಷ್ಮೆಗೂಡು ಬರೋ ಹೊತ್ತಲ್ಲಿ ಮೂಟೆ ಕಟ್ಕೊಂಡು ಬರೋ ಬೈಕಿಗೆ ಪಕ್ಕದಲ್ಲಿ ಯಾರಿದಾರೆ ಅಂತ ಕಾಣೋದೂ ಇಲ್ಲ.

ಅಮೆರಿಕದಲ್ಲಿರೋ ನಮ್ಮ ತಂಗಿ ಮಗಳು ಫೋನಲ್ಲಿ "ದೊಡ್ಡಮ್ಮ, ಇಲ್ಲಿ ಕಷ್ಟ ಲೆಫ್ಟ್ ಟರ್ನ್‌ದೇ" ಅಂದಾಗ ನಂಗೆ ತಲೆ ಕೆಟ್ಟೋಯ್ತು. ಆಮೇಲೆ ಗೊತ್ತಾಯ್ತು, ಅಲ್ಲಿ ಗಾಡಿ ಬಲಗಡೆ ಓಡೋದು. ಅವರ ಎಡ ಅಂದ್ರೆ ನಮ್ಮ ಬಲ, ಎದುರಿನ ಗಾಡಿಗೆ ಅಡ್ಡ ಹೋಗ್ಬೇಕು. ಅದಕ್ಕೇ ಬೇರೆ ಹಸಿರು ಬಾಣ ಇಟ್ಟಿರ್ತಾರಂತೆ. ನಮ್ಮ ಫ್ರೀ ಲೆಫ್ಟ್‌ನಂಗಿರೋದು ಅವರ ರೈಟ್. 1970ರ ದಶಕದಲ್ಲಿ ಪೆಟ್ರೋಲ್ ಅಭಾವ ಬಂದಾಗ, ನಿಂತಲ್ಲೇ ಎಣ್ಣೆ ಉರಿಸೋದು ಯಾಕೆ ಅಂತ ಕೆಂಪಲ್ಲೂ ಬಲಕ್ಕೆ ತಿರುಗೋಕೆ ದೇಶದ ಉದ್ದಕ್ಕೂ ಬಿಟ್ರು. ಆದ್ರೆ ಮೊದಲು ಗಾಡಿ ಪೂರ್ತಿ ನಿಲ್ಲಿಸಿ, ನಡೆಯೋರು ಇಲ್ಲ ಅಂತ ನೋಡಿನೇ ತಿರುಗ್ಬೇಕು. ನ್ಯೂಯಾರ್ಕ್ ಪಟ್ಟಣದಲ್ಲಂತೂ ಬೋರ್ಡ್ ಇಲ್ದಿದ್ರೆ ಅದೂ ಇಲ್ಲ. ಎಷ್ಟೋ ಕಡೆ ನಡೆಯೋರಿಗೆ ಮೂರ್ನಾಲ್ಕು ಸೆಕೆಂಡ್ ಮುಂಚೆ ಹಸಿರು ಕೊಡ್ತಾರೆ. ತಿರುಗೋನು ಹೊರಡೋ ಹೊತ್ತಿಗೆ ಅವರು ಆಗ್ಲೇ ಪಟ್ಟೆ ಮೇಲೆ ಕಣ್ಣಿಗೆ ಬೀಳ್ತಾರೆ. ಇದಕ್ಕೇನು ದುಡ್ಡು ಖರ್ಚು ಹೇಳಿ? ಟೈಮು ಬದಲಾಯಿಸಿದ್ರೆ ಆಯ್ತು.

ನಮ್ಮನೆಯವ್ರು ಒಪ್ಪಲ್ಲ. "ಎಡಕ್ಕೆ ಹೋಗೋರನ್ನೂ ನಿಲ್ಲಿಸಿದ್ರೆ ಜಾಮ್ ಬಸ್‌ಸ್ಟ್ಯಾಂಡ್‌ಗಂಟ ಬರುತ್ತೆ ಕಣೆ" ಅಂತಾರೆ. ನಾನು ಯಾವಾಗ್ಲೂ ನಿಲ್ಲಿಸಿ ಅಂದ್ನಾ? ಒಂದು ಸುತ್ತಿಗೆ ಒಂದ್ಸಲ ನಿಲ್ಲಿಸಿ ಅಂತ ಹೇಳ್ತಿರೋದು. ಎಷ್ಟು ಹೊತ್ತು ಅಂತಾನೂ ಲೆಕ್ಕ ಹಾಕಿದೀನಿ. ಇಂಜಿನಿಯರ್‌ಗಳು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಹಿಡೀತಾರೆ. ನಾಲ್ಕು ಗಾಡಿ ಸಾಲಿನ ರೋಡು 14 ಮೀಟರ್ ಅಂದ್ರೆ 12 ಸೆಕೆಂಡ್ ಸಾಕು. ಅದು ಮಂಡಿ ನೋವಿಲ್ಲದೋರಿಗೆ. ನಾನು ನಮ್ಮ ಬೀದೀಲಿ 14 ಮೀಟರ್ ಅಳೆದು ಅತ್ತೆಯನ್ನ ನಡೆಸಿ, ಮೊಬೈಲಲ್ಲಿ ನೋಡ್ದೆ. 22 ಸೆಕೆಂಡ್ ಆಯ್ತು. ಒಂದು ಮುದ್ದೆ ಕಟ್ಟಿ ತಟ್ಟೆಗಿಡೋಷ್ಟು ಹೊತ್ತು. ಅಷ್ಟು ಕಾಯೋಕಾಗ್ದೆ ಇರೋ ಅವಸರ ಯಾರಿಗಿದೆಯೋ ನಂಗೊತ್ತಿಲ್ಲ.

ಬೆಂಗಳೂರಲ್ಲಿ ಕೆಲವು ಕಡೆ ನಡೆಯೋರು ಗುಂಡಿ ಒತ್ತಿದ್ರೆ ಗಾಡಿ ನಿಲ್ಲೋ ಪೆಲಿಕಾನ್ ಸಿಗ್ನಲ್ ಇದೆ. ನಮಗೆ ಅದೂ ಬೇಡ. ಎಡಕ್ಕೆ ತಿರುಗೋರಿಗೆ ಬೇರೆ ಒಂದು ಕೆಂಪು ಬಾಣ, ಅಳಿಸಿ ಹೋಗಿರೋ ಜೀಬ್ರಾ ಪಟ್ಟೆಗೆ ಬಣ್ಣ, ಸ್ಕೂಲ್ ಬಿಡೋ ಹೊತ್ತಲ್ಲಿ ಒಬ್ಬ ಪೊಲೀಸಪ್ಪ, ಇಷ್ಟೇ ಅರ್ಜೀಲಿ ಬರ್ದಿರೋದು. ಒಂದು ಪ್ರತಿ ನಗರಸಭೆಗೆ, ಒಂದು ಟ್ರಾಫಿಕ್ ಪೊಲೀಸಿಗೆ. ನಮ್ಮ ಬೀದೀದು ಮೂವತ್ತೊಂದು ಸಹಿ ಆಗಿದೆ, ಮೊದಲನೇದು ಅತ್ತೆಯದು, ಕೈ ನಡುಗಿದ್ರೂ ಅಚ್ಚುಕಟ್ಟಾಗಿ ಹಾಕಿದಾರೆ. ಕನಕಪುರ, ಮಾಗಡಿಯೋರು ನಿಮ್ಮೂರಿನ ಸರ್ಕಲ್ ಹೆಸರು ಹಾಕಿ ಇದನ್ನೇ ಬರ್ಕೊಳ್ಳಿ. ಇಲ್ಲಿ ಹತ್ತಿರದಲ್ಲಿರೋರು ಭಾನುವಾರ ಸಂಜೆ ನಾಲ್ಕರ ಮೇಲೆ ಮನೆ ತಾವ ಬನ್ನಿ, ಪೆನ್ನು ನಾನೇ ಇಟ್ಟಿರ್ತೀನಿ.