ಪ್ರತಿರೂಪವೂ ವಂಚನೆಯೂ

ಶ್ರಾವಕನ ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನೇ ಸದೃಶಸನ್ಮಿಶ್ರವೆಂದು ಕರೆದಿದ್ದಾರೆ. ತುಪ್ಪದಂತೆ ಕಾಣುವುದನ್ನು ತುಪ್ಪಕ್ಕೆ ಬೆರೆಸಿ ತುಪ್ಪದ ಬೆಲೆಗೇ ಮಾರುವುದು ಇದಕ್ಕೆ ವರ್ತಕರೆಲ್ಲ ಬಲ್ಲ ಉದಾಹರಣೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಮಾತನ್ನು ವಿವರಿಸುವಾಗ ವಂಚನೆ ಎಂಬ ಪದವನ್ನು ಸೇರಿಸಿದ್ದಾರೆ. ಹೋಲಿಕೆಯೇ ದೋಷವಲ್ಲ, ಹೋಲಿಕೆಯನ್ನು ಮುಂದೊಡ್ಡಿ ಅಸಲೆಂದು ನಂಬಿಸುವುದು ದೋಷ. ಈ ಸೂಕ್ಷ್ಮವನ್ನು ಮನಗಾಣಲು ಅಮೆರಿಕದ ಒಂದು ಸಣ್ಣ ಊರು ಒಳ್ಳೆಯ ನಿದರ್ಶನವಾಗಿದೆ.

ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಿಂದ ಪೂರ್ವಕ್ಕೆ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಕ್ಯಾಸ್ಕೇಡ್ ಪರ್ವತಗಳ ನಡುವೆ ಲೆವೆನ್‌ವರ್ತ್ ಇದೆ. 4,000 ಅಡಿಗೂ ಎತ್ತರದ ಸ್ಟೀವನ್ಸ್ ಘಟ್ಟವನ್ನು ಹತ್ತಿಳಿದು ಅಲ್ಲಿಗೆ ಹೋಗಬೇಕು. ಇಳಿಜಾರು ಮಾಡು, ಕೆತ್ತನೆಯ ಮರದ ಉಪ್ಪರಿಗೆ, ಗೋಡೆಯ ಮೇಲೆ ಚಿತ್ರ, ಕಿಟಕಿಗೆ ಹೂಕುಂಡ: ನೋಡಿದವರಿಗೆ ಜರ್ಮನಿಯ ಬವೇರಿಯ ಪ್ರಾಂತದ ಹಳ್ಳಿಯೇ ಇದೆಂಬ ಭಾವನೆ ಬರುತ್ತದೆ. ಆದರೆ ಆ ಊರು ಬೆಳೆದದ್ದು ರೈಲಿನಿಂದ, ಮರದ ಗಿರಣಿಯಿಂದ. 1920ರ ದಶಕದಲ್ಲಿ ರೈಲ್ವೆಯವರು ತಮ್ಮ ಕೇಂದ್ರವನ್ನು ವೆನಾಚಿ ಪಟ್ಟಣಕ್ಕೆ ಒಯ್ದರು, ಗಿರಣಿಯೂ ನಿಂತಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಊರು ಕ್ಷೀಣಿಸುತ್ತಲೇ ಇತ್ತು. 1962ರಲ್ಲಿ ಊರವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ನೆರವು ಪಡೆದು 'ಲೈಫ್' ಎಂಬ ಯೋಜನೆಯನ್ನು ಆರಂಭಿಸಿದರು. ಹೆದ್ದಾರಿಯಲ್ಲಿ ಉಪಾಹಾರಗೃಹ ನಡೆಸುತ್ತಿದ್ದ ಟೆಡ್ ಪ್ರೈಸ್ ಮತ್ತು ಬಾಬ್ ರಾಜರ್ಸ್ ಎಂಬಿಬ್ಬರು, ಕ್ಯಾಲಿಫೋರ್ನಿಯದಲ್ಲಿ ಡೆನ್ಮಾರ್ಕಿನ ಶೈಲಿಯಲ್ಲಿರುವ ಸಾಲ್ವಾಂಗ್ ಊರನ್ನು ಕಂಡು, ಬವೇರಿಯದ ರೂಪವನ್ನು ಸೂಚಿಸಿದರು. ಅಂಗಡಿಯವರು ಸ್ವಂತ ಹಣವನ್ನು ಹಾಕಿ, ಸಾಲವನ್ನೂ ಮಾಡಿ ತಮ್ಮ ಕಟ್ಟಡಗಳನ್ನು ಮಾರ್ಪಡಿಸಿದರು. ಹೊಸ ಕಟ್ಟಡವೂ ಅಂಗಡಿಯ ನಾಮಫಲಕವೂ ಅದೇ ರೀತಿಯಲ್ಲಿರಬೇಕೆಂಬ ನಿಯಮ ಈಗ ಅಲ್ಲಿದೆ.

ಮೂಡುಬಿದಿರೆಯ ಕಡೆಯ ವೃದ್ಧ ವರ್ತಕರೊಬ್ಬರು ಸಿಯಾಟಲಿನಲ್ಲಿರುವ ಮಗನ ಮನೆಗೆ ಹೋದವರು ಜೂನ್ ತಿಂಗಳ ಒಂದು ದಿನ ಕುಟುಂಬದೊಡನೆ ಈ ಊರನ್ನು ನೋಡಲು ಹೊರಟರು. ಆ ಸೀಮೆಯಲ್ಲಿ ಆಗ ಸೂರ್ಯಾಸ್ತವಾಗುವುದು ರಾತ್ರಿ 9 ಗಂಟೆಯ ಸುಮಾರಿಗೆ; ಆದ್ದರಿಂದ ಅನಸ್ತಮಿತ ವ್ರತಕ್ಕೆ ಚಿಂತೆಯಿರಲಿಲ್ಲ. ಸೊಸೆ ಚಪಾತಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡಿದ್ದಳು. ಬೀದಿಯಲ್ಲಿ ಸುಟ್ಟ ಮಾಂಸದ ವಾಸನೆ, ಬಿಯರಿನ ಅಂಗಡಿಗಳು. ಹಿರಿಯರು ನದಿಯ ದಡದ ಉದ್ಯಾನದಲ್ಲಿ ತಮ್ಮ ಬುತ್ತಿಯನ್ನು ಉಂಡರು.

ಹತ್ತು ವರ್ಷದ ಮೊಮ್ಮಗನಿಗೆ ಕರಿದ ಆಲೂಗಡ್ಡೆ ಬೇಕಾಯಿತು. ಹಿರಿಯರು ಕಂದಮೂಲವನ್ನು ಮುಟ್ಟುವವರಲ್ಲ. ಮಗನ ಮನೆಯಲ್ಲಿ ಆ ನಿಯಮ ಸಡಿಲವಾಗಿದ್ದರೂ ಮಾಂಸದ ಸೋಂಕು ಇರಬಾರದೆಂಬ ಕಟ್ಟು ಇತ್ತು. "ಎಣ್ಣೆಯ ವಿಷಯ ಕೇಳಿದೆಯಾ?" ಎಂದು ಹಿರಿಯರು ಮಗನನ್ನು ವಿಚಾರಿಸಿದರು. "ತರಕಾರಿಯೇ ಅಪ್ಪ, ಏನೂ ಆಗುವುದಿಲ್ಲ" ಎಂದು ಮಗ ಮಾತು ತೇಲಿಸಿದನು. ಹುಡುಗನು ತಾನೇ ಹೋಗಿ ಕೇಳಿದನು. ಬವೇರಿಯದ ಹಳ್ಳಿಯವರಂತೆ ಲಂಗ ಕುಪ್ಪಸ ತೊಟ್ಟಿದ್ದ ಹುಡುಗಿ, ಅದೇ ಎಣ್ಣೆಯಲ್ಲಿ ಕೋಳಿಮಾಂಸವನ್ನೂ ಕರಿಯುತ್ತೇವೆಂದು ಮರೆಮಾಚದೆ ತಿಳಿಸಿದಳು. ಬಂದ ಗಿರಾಕಿ ಹೊರಟುಹೋದನು. ಅವಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

"ಅಜ್ಜ, ಈ ಊರೆಲ್ಲ ಸುಳ್ಳಲ್ಲವೇ? ಇವರು ಜರ್ಮನಿಯವರೇ ಅಲ್ಲವಂತೆ" ಎಂದು ಹುಡುಗ ಕೇಳಿದನು.

"ವೇಷವೆಂದು ಅವರೇ ಹೇಳುತ್ತಾರಲ್ಲ ಮಗು. ಮುಚ್ಚಿಟ್ಟರೆ ತಾನೇ ಸುಳ್ಳು?" ಎಂದರು ಅಜ್ಜ.

ಮಗನಿಗೆ ಈ ಮಾತು ನಾಟಿತು. ಎಷ್ಟೋ ಅಂಗಡಿಗಳಲ್ಲಿ ತಾನು ಈ ಪ್ರಶ್ನೆಯನ್ನು ಬೇಕೆಂದೇ ಕೇಳದೆ ಬಿಟ್ಟಿದ್ದೆನೆಂದು ತಂದೆಗೆ ಅಲ್ಲಿಯೇ ತಿಳಿಸಿದನು. ಕೇಳಿದರೆ ಬಿಡಬೇಕಾಗುವುದೆಂಬ ಅಂಜಿಕೆಯೇ ಅದಕ್ಕೆ ಕಾರಣ. ಹಿರಿಯರು ಗದರಲಿಲ್ಲ. "ಇನ್ನು ಮೇಲೆ ಅವನೇ ಕೇಳಲಿ" ಎಂದು ಮೊಮ್ಮಗನ ಕಡೆ ಕೈ ತೋರಿದರು.

ಅಚೌರ್ಯದ ದೃಷ್ಟಿಯಿಂದ ಆ ಊರನ್ನು ಪರೀಕ್ಷಿಸುವುದಾದರೆ ಮರದ ಉಪ್ಪರಿಗೆಯನ್ನು ಬಿಟ್ಟು ನದಿಯ ಕಡೆಗೆ ನೋಡಬೇಕು. ಆ ಕಣಿವೆ ವೆನಾಚಿ ಎಂಬ ಮೂಲನಿವಾಸಿಗಳದು. ಐಸಿಕಲ್ ತೊರೆ ವೆನಾಚಿ ನದಿಯನ್ನು ಸೇರುವ ಎಡೆಯಲ್ಲಿ ಅವರು ತಲೆತಲಾಂತರದಿಂದ ಮೀನು ಹಿಡಿದು ಬದುಕಿದವರು. ಅವರ ಜೀವನೋಪಾಯ ನಮ್ಮ ಅಹಿಂಸೆಗೆ ಹೊಂದದಿರಬಹುದು. ಆದರೆ ಅವರ ಹಕ್ಕನ್ನು ಕಸಿಯಲು ಅದು ನೆಪವಾಗಲಾರದು. 1855ರ ಒಪ್ಪಂದದಲ್ಲಿ ಅಲ್ಲಿ ಅವರಿಗಾಗಿ ನೆಲವನ್ನು ಮೀಸಲಿಡುವುದಾಗಿ ಸರ್ಕಾರ ವಚನ ಕೊಟ್ಟಿತ್ತು. ಆ ವಚನ ನಡೆಯಲಿಲ್ಲ; 1894ರ ಇನ್ನೊಂದು ಒಪ್ಪಂದದಲ್ಲಿ 20,000 ಡಾಲರಿಗೆ ಆ ಹಕ್ಕು ಕೈಬಿಟ್ಟಿತು. ಅಲ್ಲಿ ಮೀನು ಹಿಡಿಯುವ ಹಕ್ಕು ಅವರಿಗೂ ಉಂಟೆಂದು ಮೇಲ್ಮನವಿಯ ನ್ಯಾಯಾಲಯ ಎತ್ತಿಹಿಡಿದದ್ದು 2010ರಲ್ಲಿ. ಅದತ್ತಾದಾನವೆಂದರೆ ಕೊಡದುದನ್ನು ತೆಗೆದುಕೊಳ್ಳುವುದು; ಅದಕ್ಕೆ ಕಾಗದಪತ್ರದ ಮುಸುಕು ಹಾಕಿದರೂ ಸ್ವರೂಪ ಬದಲಾಗುವುದಿಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಈ ಎರಡನ್ನೂ ಪರಿಭಾವಿಸಬೇಕು. ಜೀರ್ಣೋದ್ಧಾರದಲ್ಲಿ ಹೊಸ ಕಲ್ಲನ್ನು ಇಡುವುದು ತಪ್ಪಲ್ಲ. ಯಾವುದು ಹೊಸತೆಂಬುದನ್ನು ಬರೆದಿಡದೆ ಪ್ರಾಚೀನವೆಂದು ತೋರಿಸುವುದು ತಪ್ಪು. ದತ್ತಿಯ ಹಣ ಯಾವ ಉದ್ದೇಶಕ್ಕೆ ಬಂದಿತೋ ಅದಕ್ಕೇ ವಿನಿಯೋಗವಾಗಬೇಕು. ಜೀರ್ಣೋದ್ಧಾರದ ನಿಧಿ ಸಮಾರಂಭದ ಚಪ್ಪರಕ್ಕೆ ಹೋದರೆ ದಾನಿ ಕೊಡದುದನ್ನು ತೆಗೆದುಕೊಂಡಂತೆಯೇ. ಗೃಹಸ್ಥರಾದರೋ ಪರದೇಶದಲ್ಲಾಗಲಿ ಪೇಟೆಯಲ್ಲಾಗಲಿ ಕೇಳಬೇಕಾದುದನ್ನು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಲಿ. ತಿಳಿದರೆ ಬಿಡಬೇಕಾದೀತೆಂದು ತಿಳಿಯದೆಯೇ ಇರುವವನು ಮೊದಲು ವಂಚಿಸುವುದು ತನ್ನನ್ನೇ.