ಮಾರಾಟವಾಗದ ಮನೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೊನ್ನೆ ದೂರವಾಣಿಯಲ್ಲಿ ಕುಶಲವನ್ನು ವಿಚಾರಿಸಿದ ಬಳಿಕ ಮೆಲ್ಲಗೆ ಕೇಳಿದನು: “ಸರ್, ಚಿತ್ತಾಪುರದ ಮನಿ ಹೋಯ್ತಂತಲ್ರೀ? ಆ ಕಟ್ಟಿ ಮ್ಯಾಲ ಕುಂತೇ ನಾವು ಹತ್ತನೇತ್ತ ಪಾಸಾದ್ವಿ.”

ಹೌದು, ಹೋಯಿತು. ಆದರೆ ಅದು ಹೇಗೆ ಹೋಯಿತೆಂಬುದಕ್ಕಿಂತ ನಾಲ್ಕು ವರ್ಷಗಳ ಕಾಲ ಏಕೆ ಹೋಗಲಿಲ್ಲ ಎಂಬುದೇ ಹೇಳಬೇಕಾದ ಸಂಗತಿ. ನಿಮ್ಮಲ್ಲಿ ಅನೇಕರು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ್ದೀರಿ. ನಿಮ್ಮ ಊರುಗಳಲ್ಲಿಯೂ ಬೀಗ ಹಾಕಿದ ಮನೆಗಳಿವೆ. ನಾನು ಎಡವಿದ ಕಡೆ ನೀವು ಎಡವದಿರಲಿ ಎಂಬ ಆಶೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆ ಮನೆಯ ನಿವೇಶನವನ್ನು ಕೊಂಡವರು ನಮ್ಮ ಅಜ್ಜ. ಅದು ನಿಜಾಮರ ಕಾಲ. ಖರೀದಿಪತ್ರ ಉರ್ದುವಿನಲ್ಲಿದೆ, ಅದರ ಮೇಲೆ ಫಸಲಿ 1355 ಎಂದು ನಮೂದಾಗಿದೆ. ನಮ್ಮ ಲೆಕ್ಕದಲ್ಲಿ ಅದು 1945-46. ಮನೆಯನ್ನು ಕಟ್ಟಿಸಿದವರು ತಂದೆಯವರು, 1956ರಲ್ಲಿ; ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ ವರ್ಷ ಅದು. ಗಚ್ಚಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ನೆಲಕ್ಕೆ ಪರಸಿ, ಮೆಟ್ಟಿಲಿಗೆ ಪರಸಿ, ಗೋಡೆಯ ಗೂಡುಗಳಿಗೂ ಪರಸಿ, ಮರದ ಜಂತಿಗಳ ಮೇಲೆ ಹಾಸಿದ ಮಾಳಿಗೆಗೂ ಪರಸಿ. ಹೊರಗಿನವರು ಇದನ್ನು ಶಹಾಬಾದ್ ಕಲ್ಲು ಎನ್ನುತ್ತಾರೆ. ಹೆಸರು ಶಹಾಬಾದಿನದಾದರೂ ಚಿತ್ತಾಪುರ, ಸೇಡಂ ಕಡೆಯ ನೆಲದಡಿಯಲ್ಲಿಯೂ ಅದೇ ಸುಣ್ಣದ ಕಲ್ಲು ಪದರಪದರವಾಗಿ ಮಲಗಿದೆ. ಅದನ್ನೇ ವಾಡಿಯಲ್ಲಿಯೂ ಸೇಡಮ್ಮಿನಲ್ಲಿಯೂ ಸುಟ್ಟು ಸಿಮೆಂಟು ಮಾಡುತ್ತಾರೆ. ಅಂಥ ಕಲ್ಲಿನ ನಾಡಿನಲ್ಲಿ ಮೂವತ್ತೈದು ವರ್ಷ ವಿಜ್ಞಾನವನ್ನು ಬೋಧಿಸಿದವನು ನಾನು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ನಾನು ನಾಚಬೇಕಾದ ಪ್ರಸಂಗ ಬರುತ್ತದೆ.

ತಾಯಿಯವರು 2018ರಲ್ಲಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿದ್ದಿತು. ಮರುವರ್ಷ ನಿವೃತ್ತನಾದ ನಾನು ಕಲಬುರಗಿಯಲ್ಲಿ ಮಗನ ಮನೆಗೆ ಹತ್ತಿರವಾಗಿ ನೆಲೆಸಿದೆ. ತಮ್ಮ ಪುಣೆಯಲ್ಲಿದ್ದಾನೆ, ತಂಗಿ ಸೇಡಮ್ಮಿನಲ್ಲಿ. ಮಳೆಗಾಲ ಬಂದಾಗಲೆಲ್ಲ ಮಾಳಿಗೆ ಸೋರುತ್ತಿದೆಯೋ ಏನೋ ಎಂಬ ಚಿಂತೆ. 2021ರಲ್ಲಿ ನಾನೂ ತಮ್ಮನೂ ಮಾತನಾಡಿಕೊಂಡು ಮನೆಯನ್ನು ಮಾರುವುದೆಂದು ನಿಶ್ಚಯಿಸಿದೆವು. ಇಬ್ಬರೇ ನಿಶ್ಚಯಿಸಿದೆವು ಎಂಬುದನ್ನೂ ನೆನಪಿನಲ್ಲಿಡಿರಿ.

ದಲಾಲರು ಗಿರಾಕಿಗಳನ್ನು ಕರೆತಂದರು. ಬಂದವರೆಲ್ಲ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿ, ನೀರು ಕುಡಿದು, “ಮನಿಯಾಗ ಕೇಳಿ ಹೇಳ್ತೀವ್ರೀ” ಎಂದು ಹೋದರು. ಕೆಲವರಿಗೆ ತಲಬಾಗಿಲು ದಕ್ಷಿಣಕ್ಕಿರುವುದು ಬಾಧಕವಾಯಿತು. ಕೆಲವರಿಗೆ ಕಾರು ನಿಲ್ಲಿಸಲು ಸ್ಥಳವಿಲ್ಲ. ಎಲ್ಲರ ಬಾಯಲ್ಲಿಯೂ ಒಂದೇ ಮಾತು: ಕತ್ತಲೆ, ಹಳೆಯದು. ಆಗ ದಲಾಲನೊಬ್ಬನು ಬುದ್ಧಿ ಹೇಳಿದನು: “ಸರ್, ಹೆಣ್ಣು ತೋರ್ಸಬೇಕಾದ್ರ ಹೂ ಮುಡಿಸಿ ತೋರ್ಸಲ್ಲೇನ್ರೀ? ಮನಿಗೂ ಸ್ವಲ್ಪ ಶೃಂಗಾರ ಮಾಡ್ರಿ.”

ಶೃಂಗಾರಕ್ಕೆ ತೊಡಗಿದೆ. ಮೂರು ಕೆಲಸ ಮಾಡಿಸಿದೆ, ಮೂರೂ ಕೆಟ್ಟವು.

ಮೊದಲನೆಯದು, ಗೋಡೆಗೆ ಹೊಳೆಯುವ ಪ್ಲಾಸ್ಟಿಕ್ ಬಣ್ಣ. ಗಚ್ಚಿನ ಗೋಡೆ ನೆಲದ ತೇವವನ್ನು ಹೀರಿಕೊಂಡು ಗಾಳಿಗೆ ಬಿಡುವಂಥದು. ಅದರ ಉಸಿರು ಕಟ್ಟಿದಂತಾಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬೊಬ್ಬೆಯೆದ್ದು ಹಪ್ಪಳದಂತೆ ಉದುರಿತು. ಎರಡನೆಯದು, ಪಡಸಾಲೆಯ ಜಂತಿಗಳು ಕಾಣಬಾರದೆಂದು ಕೆಳಗೆ ಹೊಡೆಸಿದ ಪಿ.ಓ.ಪಿ. ಛಾವಣಿ. ಅದು ಮಾಳಿಗೆಯ ಎರಡು ಬೆಳಕಿಂಡಿಗಳನ್ನೂ ಮುಚ್ಚಿಬಿಟ್ಟಿತು. ಕತ್ತಲೆಯೆಂದು ದೂರಿದವರ ಮನೆಗೆ ನಾನೇ ಹಣ ಕೊಟ್ಟು ಇನ್ನಷ್ಟು ಕತ್ತಲೆಯನ್ನು ತಂದೆ.

ಮೂರನೆಯದನ್ನು ಬರೆಯಲು ಸಂಕೋಚವಾಗುತ್ತದೆ. ನೆಲದ ಪರಸಿಯ ಮೇಲೆ ಎಣ್ಣೆ, ಅರಿಶಿನದ ಹಳೆಯ ಕಲೆಗಳಿದ್ದವು. ಶುಚಿಗೊಳಿಸಲು ಬಂದ ಹುಡುಗನು ಪಾಯಿಖಾನೆ ತೊಳೆಯುವ ಆ್ಯಸಿಡ್ಡಿನ ಬಾಟಲಿಯನ್ನು ತಂದಿದ್ದನು. ನಾನು ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದೆ. ಒಳಗಿನಿಂದ ಸುಯ್ ಎಂಬ ಸದ್ದು ಬಂದಾಗ ಓಡಿಹೋದೆ. ನೆಲವೆಲ್ಲ ನೊರೆ! ಸುಣ್ಣದ ಕಲ್ಲಿಗೆ ಆಮ್ಲ ತಗುಲಿದರೆ ಇಂಗಾಲದ ಡೈಆಕ್ಸೈಡು ಗುಳ್ಳೆಗಳಾಗಿ ಹೊರಬರುತ್ತದೆ ಎಂಬುದನ್ನು ಪ್ರನಾಳದಲ್ಲಿ ಎಷ್ಟು ತಂಡಗಳಿಗೆ ತೋರಿಸಿದ್ದೆನೋ ಲೆಕ್ಕವಿಲ್ಲ. ಆ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟು, ಅದು ಹಾಲಿನಂತಾದಾಗ ನೀವೆಲ್ಲ ಚಪ್ಪಾಳೆ ತಟ್ಟಿದ್ದೂ ಉಂಟು. ನನ್ನ ತಾಯಿ ಅರವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಂತೆ ಮಾಡಿದ್ದ ನೆಲದ ಮೇಲೆ ಅದೇ ಪ್ರಯೋಗ ನಡೆದುಹೋಯಿತು. ಎಲ್ಲೆಲ್ಲಿ ಆಮ್ಲ ಹರಿದಿತ್ತೋ ಅಲ್ಲೆಲ್ಲ ಹೊಳಪು ಹೋಗಿ ಬಿಳಿಯ ಚಕ್ಕಂದಗಳು ಉಳಿದವು. ಹುಡುಗನನ್ನು ಬಯ್ಯಲಿಲ್ಲ. ಅವನು ಓದಿದ್ದು ಏಳನೆಯ ತರಗತಿ. ಮೊದಲೇ ಹೇಳಬೇಕಾಗಿದ್ದವನು ನಾನು.

2023ರಲ್ಲಿ ಕೊನೆಗೂ ಒಬ್ಬರು ಒಪ್ಪಿದರು. ಸಂಚಕಾರದ ಮಾತೂ ಆಯಿತು. ಅವರ ವಕೀಲರು ಕಾಗದಪತ್ರಗಳನ್ನು ನೋಡಿ ಮೂರು ಪ್ರಶ್ನೆ ಕೇಳಿದರು. ಖಾತೆ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಏಕೆ ಇದೆ? ಉರ್ದು ಪತ್ರದ ದೃಢೀಕೃತ ಅನುವಾದ ಎಲ್ಲಿ? ತಂಗಿಯವರ ಒಪ್ಪಿಗೆ ಇದೆಯೇ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆ ಗಿರಾಕಿ ಬೇರೆ ಮನೆಯನ್ನು ಕೊಂಡರು.

ತಂಗಿಯ ಒಪ್ಪಿಗೆ ಇದ್ದೇ ಇರುತ್ತದೆ, ನೋಂದಣಿಯ ದಿನ ಬಂದು ಸಹಿ ಹಾಕುತ್ತಾಳೆ ಎಂದೇ ನಾನು ಭಾವಿಸಿದ್ದೆ. ತಂದೆಯವರು ಉಯಿಲು ಬರೆದಿರಲಿಲ್ಲ. ಅಂಥಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಸಮಪಾಲು ಕೊಟ್ಟಿದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಇದೆಲ್ಲ ನನಗೆ ಪತ್ರಿಕೆಯ ಸುದ್ದಿಯಾಗಿ ತಿಳಿದಿತ್ತು. ನನ್ನ ಮನೆಯ ಸುದ್ದಿಯಾಗಿ ತಿಳಿದಿರಲಿಲ್ಲ.

ಸೇಡಮ್ಮಿಗೆ ಹೋಗಿ ತಂಗಿಯನ್ನು ಚಿತ್ತಾಪುರಕ್ಕೆ ಕರೆದುಕೊಂಡು ಬಂದೆ. ಬೀಗ ತೆಗೆದಾಗ ಅವಳು ನೆಲವನ್ನು ನೋಡಿದಳು, ಮಾತನಾಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಮೂಲೆಯಲ್ಲಿ ಏನನ್ನೋ ಹುಡುಕಿದಳು.

“ಅವ್ವನ ಬೀಸೋಕಲ್ಲು ಎಲ್ಲಿ ಅಣ್ಣಾ?”

ಮನೆ ವಿಶಾಲವಾಗಿ ಕಾಣಲೆಂದು ಹಳೆಯ ಸಾಮಾನುಗಳನ್ನೆಲ್ಲ ಖಾಲಿ ಮಾಡಿಸಿದಾಗ ಅದನ್ನೂ ಯಾರಿಗೋ ಕೊಟ್ಟಿದ್ದೆ. ಹಾಗೆಂದು ಹೇಳಿದೆ. ಅವಳು ಬಹಳ ಹೊತ್ತು ಹೊಸ್ತಿಲ ಮೇಲೆ ಕುಳಿತಿದ್ದಳು. “ಮನಿ ಮಾರು ಅಣ್ಣಾ, ನಾ ಬ್ಯಾಡ ಅನ್ನಲ್ಲ. ಆದ್ರ ಕೇಳಿ ಮಾರು. ಈ ಮನಿಯಾಗ ನಾನೂ ಹುಟ್ಟೀನಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದೇ ಒಬ್ಬ ಗಿರಾಕಿಯೂ ಬಂದಿದ್ದರು. ನಾನು ಎಂದಿನಂತೆ ಮನೆ ತೋರಿಸಿದೆ: ಈ ಕಲ್ಲಿನ ಗುಣ, ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಫಲಕಗಳೂ ಸುಣ್ಣದ ಕಲ್ಲಿನವೇ ಎಂಬ ವಿಚಾರ, ಸನ್ನತಿಯ ಅಶೋಕನ ಶಾಸನ, ರೈಲುದಾರಿಯಲ್ಲಿ ಸೇಡಮ್ಮಿಗಿಂತ ಮೊದಲು ಸಿಗುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ ಎಂಬುದು, ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಳಿ ಬಂದ ಕಥೆ. ಅವರು ಎರಡು ಸಲ ಗಡಿಯಾರ ನೋಡಿಕೊಂಡು ಹೊರಟುಹೋದರು.

ತಂಗಿ ಅಂದಳು: “ನೀ ಮನಿ ತೋರ್ಸಲತ್ತಿಲ್ಲ ಅಣ್ಣಾ, ಪಾಠ ಹೇಳ್ಲತ್ತಿ. ಅವ್ರಿಗಿ ತಮ್ಮ ಖಾಟ್ ಎಲ್ಲಿ ಹಾಕ್ಬೇಕು ಅಂತ ನೋಡ್ಲಿಕ್ಕೆ ನೀ ಬಿಡವಲ್ಲಿ.”

ಮೂವತ್ತೈದು ವರ್ಷಗಳ ನನ್ನ ವೃತ್ತಿಯಲ್ಲಿ ಯಾವ ತನಿಖಾಧಿಕಾರಿಯೂ ಇಷ್ಟು ನಿಖರವಾದ ಟಿಪ್ಪಣಿಯನ್ನು ಬರೆದಿರಲಿಲ್ಲ. ಮನೆ ಹೋಗಲೆಂದು ಬಾಯಲ್ಲಿ ಹೇಳುತ್ತ, ಬಂದವರೆಲ್ಲರ ಮುಂದೆ ಅದು ನಮ್ಮದು, ನಮ್ಮದು ಎಂದೇ ನಾನು ಸಾರುತ್ತಿದ್ದೆ.

ಅಲ್ಲಿಂದ ಮುಂದಿನ ಕೆಲಸಗಳನ್ನು ತಂಗಿಯ ಸಲಹೆಯಂತೆ ಮಾಡಿದೆವು. ಮೊದಲು ಕಾಗದಪತ್ರ. ವಂಶವೃಕ್ಷ ಮಾಡಿಸಿ, ಮೂವರ ಹೆಸರಿಗೂ ಖಾತೆ ಬದಲಾಯಿಸಿ, ಇ-ಖಾತೆ ಪಡೆದೆವು. ಇಂದು ಅದಿಲ್ಲದೆ ನೋಂದಣಿಯೇ ಆಗದು. ಉರ್ದು ಬಲ್ಲ ಹಿರಿಯರಿಂದ ಪತ್ರವನ್ನು ಅನುವಾದ ಮಾಡಿಸಿ ದೃಢೀಕರಿಸಿಕೊಂಡೆವು. ಋಣಭಾರ ಪ್ರಮಾಣಪತ್ರವನ್ನು ತೆಗೆಸಿದೆವು. ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು, ಬಂದವರ ಕೈಗೆ ಕೊಡುವಂತೆ ಸಿದ್ಧಪಡಿಸಿದೆವು.

ಆಮೇಲೆ ಮನೆ. ಪಿ.ಓ.ಪಿ. ಕೀಳಿಸಿದಾಗ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಪಡಸಾಲೆಯ ನಡುವೆ ಇಳಿಯಿತು. ಮಾಳಿಗೆಯ ಸಂದುಗಳನ್ನು ಮುಚ್ಚಿಸಿದೆವು. ಉಳಿದ ಪ್ಲಾಸ್ಟಿಕ್ ಬಣ್ಣವನ್ನು ಹೆರೆಸಿ, ದೀಪಾವಳಿಯ ಹೊತ್ತಿಗೆ ಸುಣ್ಣ ಬಳಿಸಿದೆವು. ನಮ್ಮ ಕಡೆಯ ಬೇಸಿಗೆಯಲ್ಲಿ ಬಳಿದ ಸುಣ್ಣ ಬೇಗ ಒಣಗಿ ಕೈಗೆ ಪುಡಿಯಾಗಿ ಹತ್ತುತ್ತದೆ. ಮಳೆ ಮುಗಿದ ಮೇಲೆ, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಮೂರು ಸಲ ಬಳಿಯಬೇಕು. ಸುಟ್ಟ ಕಲ್ಲು ಸುಣ್ಣವಾಗುತ್ತದೆ, ನೀರು ಕುಡಿದು ಅರಳುತ್ತದೆ, ಗೋಡೆಯ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲೇ ಆಗುತ್ತದೆ. ಕ್ಷಮಿಸಿರಿ, ಮತ್ತೆ ಪಾಠಕ್ಕೆ ಇಳಿದೆ. ನೆಲವನ್ನು ಯಂತ್ರದಿಂದ ಉಜ್ಜಿಸಿದೆವು. ಚಕ್ಕಂದಗಳು ಬಹುಮಟ್ಟಿಗೆ ಹೋದವು, ಅಡುಗೆಮನೆಯ ಬಾಗಿಲಲ್ಲಿ ಮಾತ್ರ ಒಂದು ಉಳಿದಿದೆ.

ಕಾರಿಗೆ ಸ್ಥಳ ಮಾಡಲು ಮುಂದಿನ ಕಟ್ಟೆಯನ್ನು ಒಡೆಸಿರೆಂದು ದಲಾಲರು ಹೇಳಿದ್ದರು. ನನಗೆ ಮನಸ್ಸಾಗಲಿಲ್ಲ. ಹಿಂದಿನ ಓಣಿಗೆ ತೆರೆದುಕೊಳ್ಳುವ ದನದ ಕೊಟ್ಟಿಗೆಯನ್ನು ತಂಗಿ ತೋರಿಸಿದಳು. ಗ್ವಾದಲಿ ತೆಗೆದು, ಗೇಟು ಕೂಡಿಸಿದಾಗ ಸಣ್ಣ ಕಾರೊಂದು ಸಲೀಸಾಗಿ ನಿಲ್ಲುವಂತಾಯಿತು. ದಕ್ಷಿಣದ ಬಾಗಿಲನ್ನು ಹಾಗೆಯೇ ಬಿಟ್ಟೆವು. ಅದನ್ನು ಒಪ್ಪದವರಿಗೆ ಆ ಮನೆ ಸಲ್ಲದು; ಒಪ್ಪುವವರು ಇದ್ದೇ ಇರುತ್ತಾರೆ.

ಗಿರಾಕಿಗಳನ್ನು ಸಂಜೆಗೆ ಬದಲು ಬೆಳಗಿನ ಹತ್ತು ಗಂಟೆಗೆ ಕರೆಯತೊಡಗಿದೆವು. ಬಾಗಿಲು ತೆರೆದು, ಕಡತ ಕೊಟ್ಟು, ನಾನು ಹೊರಗೆ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದೆ. ಕೇಳಿದ್ದಕ್ಕೆ ಮಾತ್ರ ಉತ್ತರ. ಬೇಸಿಗೆಯ ಮಧ್ಯಾಹ್ನ ಒಳಗೆ ತಂಪಾಗಿರುತ್ತದೆ, ಆದರೆ ಕಲ್ಲು ಹಗಲು ಕುಡಿದ ಕಾವನ್ನು ರಾತ್ರಿ ಬಿಡುತ್ತದೆ, ಮಲಗಲು ಮಾಳಿಗೆಗೇ ಹೋಗಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

2025ರ ಫೆಬ್ರುವರಿಯಲ್ಲಿ ವಾಡಿಯಲ್ಲಿ ಕೆಲಸದಲ್ಲಿರುವ ಯುವಕನೊಬ್ಬನು ಹೆಂಡತಿಯೊಡನೆ ಬಂದನು. ಇಬ್ಬರೂ ಒಳಗೆ ಮುಕ್ಕಾಲು ಗಂಟೆ ಇದ್ದರು. ಒಳಗಿನಿಂದ ಅವರು ಏನನ್ನೋ ಅಳೆಯುತ್ತಿರುವ ಮಾತು ಕೇಳಿಸಿತು: ಇಲ್ಲಿ ಖಾಟು, ಅಲ್ಲಿ ತೊಟ್ಟಿಲು. ನಾನು ಬಾಯಿ ಬಿಡಲಿಲ್ಲ. ಬಹಳ ಕಷ್ಟವಾಯಿತು.

ನಾವು ಮೊದಲು ಅಂದುಕೊಂಡಿದ್ದಕ್ಕಿಂತ ಕಡಿಮೆ ಬೆಲೆಗೆ ಮನೆ ಹೋಯಿತು. ಬಂದ ಹಣವನ್ನು ಮೂರು ಸಮಪಾಲು ಮಾಡಿದೆವು. ತಂಗಿ ತನ್ನ ಪಾಲನ್ನು ಬೇಡವೆನ್ನಲಿಲ್ಲ. ಬೇಡವೆನ್ನುವಳೇನೋ ಎಂದು ನನ್ನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬೀಸೋಕಲ್ಲನ್ನು ಊರೆಲ್ಲ ವಿಚಾರಿಸಿ ಪತ್ತೆ ಮಾಡಿದೆ. ಕೆಳಗಿನ ಕಲ್ಲನ್ನು ಕೊಂಡುಹೋದವರು ಬಚ್ಚಲಿಗೆ ಕೂಡಿಸಿ ಸಿಮೆಂಟು ಹಾಕಿದ್ದರು. ಮೇಲಿನದು ಸಿಕ್ಕಿತು. ಅದೀಗ ಸೇಡಮ್ಮಿನಲ್ಲಿ ಅವಳ ತುಳಸಿಕಟ್ಟೆಯ ಬದಿಗಿದೆ.

ಕಳೆದ ತಿಂಗಳು ಆ ದಾರಿಯಲ್ಲಿ ಹೋದಾಗ ನೋಡಿದೆ. ಮುಂದಿನ ಕಟ್ಟೆಯ ಅರ್ಧಭಾಗವನ್ನು ಒಡೆದು ಮೋಟಾರುಸೈಕಲ್ಲಿಗೆ ಇಳಿಜಾರು ಮಾಡಿದ್ದಾರೆ. ಉಳಿದ ಅರ್ಧದ ಮೇಲೆ ತೊಗರಿಬೇಳೆ ಒಣಗುತ್ತಿತ್ತು. ನಿಂತು ಮಾತನಾಡಿಸಬೇಕೆನಿಸಿತು, ಆದರೆ ನಿಲ್ಲಲಿಲ್ಲ.

ನಿಮ್ಮ ಊರಿನ ಮನೆಯನ್ನು ಮಾರಬೇಕಾಗಿ ಬಂದರೆ, ಬಣ್ಣದವನನ್ನು ಕರೆಯುವ ಮುನ್ನ ಅಕ್ಕತಂಗಿಯರನ್ನು ಕರೆಯಿರಿ. ಪರಸಿಯ ನೆಲಕ್ಕೆ ಆ್ಯಸಿಡ್ ಹಾಕಬೇಡಿರಿ. ಎಂಟನೆಯ ತರಗತಿಯಲ್ಲಿ ಹೇಳಿಕೊಟ್ಟಿದ್ದೆ, ನೀವಾದರೂ ಮರೆಯಬೇಡಿರಿ.